ಗೆದ್ದವನು ಅಜ್ಜಂಪುರಕ್ಕೆ ಹೋದದ್ದು

ಭಾದ್ರಪದದ ಒಂದು ಬೆಳಿಗ್ಗೆ ಕಡೂರಿನಲ್ಲಿ ರೈಲು ಹತ್ತಿದೆ. ಬೀರೂರಿಗೆ ಒಂದೂಕಾಲು ಆಣೆ, ಅಲ್ಲಿ ಗಾಡಿ ಬದಲಾಯಿಸಿದರೆ ತರೀಕೆರೆಗೆ ಐದಾಣೆ. ಚೀಲದಲ್ಲಿ ಎರಡು ಪಂಚೆ, ಮನೆಯವಳು ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮಸಿಕುಡಿಕೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಸಿಬಟ್ಟೆ, ಮತ್ತು ನಾನೇ ಕೂತು ದುಂಡಗೆ ಬರೆದಿದ್ದ ಒಂದು ಮಹಜರು ಇದ್ದವು. ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ಗಾಡಿರಸ್ತೆಯ ಹಳ್ಳಕ್ಕೆ ಸೇತುವೆ ಬೇಕು ಎಂಬುದು ಅದರ ಒಕ್ಕಣೆ. ಕೆಳಗೆ ಊರಿನವರ ಸಹಿ ಬೀಳಬೇಕಿತ್ತು. ಸಹಿಗಳಿಲ್ಲದೆ ಕಾಗದ ಮೇಲಕ್ಕೆ ಹೋಗುವುದಿಲ್ಲವೆಂದು ಜಿಲ್ಲಾ ಇಂಜಿನಿಯರು ಖಡಾಖಂಡಿತವಾಗಿ ಹೇಳಿದ್ದರು. ಜಿಲ್ಲಾ ಕಚೇರಿಗೆ ಅದನ್ನು ತಲುಪಿಸಲು ಇನ್ನು ನಾಲ್ಕೇ ದಿನ ಉಳಿದಿತ್ತು.

ನಾನು ಕಡೂರಿನಲ್ಲಿ ವಕೀಲ. ತರೀಕೆರೆ ತಾಲ್ಲೂಕಿನಲ್ಲಿ ನನ್ನ ಹೆಸರಿಗೆ ಒಂದಿಷ್ಟು ಖುಷ್ಕಿ ಜಮೀನಿದೆ. ಆ ಖಾತೆಯ ಬಲದಿಂದಲೇ ಅಲ್ಲಿಂದ ಪ್ರಜಾಪ್ರತಿನಿಧಿ ಸಭೆಗೆ ನಿಂತೆ. ಬೆರಳಲ್ಲಿ ಎಣಿಸುವಷ್ಟು ಮತಗಳಿಂದ ಗೆದ್ದೆ. ಗೆದ್ದೆನೆಂದು ಅಮಲ್ದಾರರು ಹೇಳಿದರು, ಗೆಜೆಟ್ಟಿನಲ್ಲಿ ಅಚ್ಚಾಯಿತು. ಆರು ವರ್ಷ ಮೆಂಬರಾಗಿದ್ದು ಸೋತ ಅಜ್ಜಂಪುರದ ಗುರುಬಸಪ್ಪನವರು ಮಾತ್ರ ಅದನ್ನು ಇವತ್ತಿಗೂ ಒಪ್ಪಿಲ್ಲ. ಅವರು ಒಪ್ಪದಿದ್ದರೆ ಹೋಗಲಿ, ಊರೂ ಒಪ್ಪಿರಲಿಲ್ಲ.

ತರೀಕೆರೆಯಲ್ಲಿ ಇಳಿದಾಗ ತುಂತುರು ಹನಿ ಬೀಳುತ್ತಿತ್ತು. ಸಂತೆಬೀದಿಯ ಹೋಟೆಲಿನಲ್ಲಿ ಕಾಫಿ ಕುಡಿದು, ತೆಂಗಿನಕಾಯಿ ಮಂಡಿಯ ಯಜಮಾನರ ಬಳಿಗೆ ಹೋದೆ. ಚುನಾವಣೆಯಲ್ಲಿ ನನಗಾಗಿ ಓಡಾಡಿದವರು. ಕೂರಿಸಿದರು, ಎಳನೀರು ಕೊಟ್ಟರು, ಮಹಜರನ್ನು ಎರಡು ಸಲ ಓದಿಸಿಕೊಂಡು ತಲೆದೂಗಿದರು. ನಾನು ಲೇಖನಿ ಮುಂದೆ ಹಿಡಿದ ಕೂಡಲೇ ಅವರಿಗೆ ಕೆಮ್ಮು ಬಂತು.

"ಸಹಿ ಒಂದು ಬೇಡಿ ಸ್ವಾಮಿ. ಅಜ್ಜಂಪುರದ ಕಡೆಯಿಂದ್ಲೇ ನಮಗೆ ಕಾಯಿ ಬರೋದು. ಗುರುಬಸಪ್ಪನೋರ ಕಿವಿಗೆ ಬಿದ್ರೆ ಒಂದು ಗಾಡೀನೂ ಈ ಕಡೆ ತಿರುಗಲ್ಲ."

"ಸೇತುವೆ ಆದರೆ ಆ ಗಾಡಿಗಳೇ ಅಲ್ಲವೇ ಸಲೀಸಾಗಿ ಬರುವುದು?"

"ಅದೂ ನಿಜವೇ ಅನ್ನಿ," ಎಂದು ಇನ್ನೊಂದು ಎಳನೀರು ಕೆತ್ತಿಸಿದರು.

ಗುರುಬಸಪ್ಪನವರು ಊರೂರಿಗೆ ಹೇಳಿಸಿದ್ದೇನೆಂದು ನನಗೆ ತಿಳಿದದ್ದು ಅಲ್ಲಿಯೇ. ಮತ ಹಾಕುವ ದಿನ ಓದು ಬಾರದವರು ಅಧಿಕಾರಿಯ ಮುಂದೆ ನಿಂತು ಹೆಸರು ಹೇಳುತ್ತಿದ್ದರು, ಅಧಿಕಾರಿ ಗುರುತು ಹಾಕುತ್ತಿದ್ದರು. "ನೀವು ಬಾಯಲ್ಲಿ ಹೇಳಿದ್ದು ನನ್ನ ಹೆಸರು, ಅವರು ಕಾಗದದ ಮೇಲೆ ಬರೆದದ್ದು ವಕೀಲನ ಹೆಸರು. ಇನ್ನು ಮೇಲೆ ಅವನ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ" ಎಂದು ಸಾರಿದ್ದರಂತೆ. ಓದು ಬಾರದ ಮನುಷ್ಯನಿಗೆ ಇದಕ್ಕಿಂತ ನಂಬಲು ಸುಲಭವಾದ ಮಾತು ಯಾವುದು? ಕಾಗದದಿಂದ ಅವನಿಗೆ ಒಳ್ಳೆಯದಾದದ್ದಾದರೂ ಯಾವಾಗ? ನನ್ನ ಎದುರಿಗೇ ನನಗೆ ಮತ ಕೊಟ್ಟೆನೆಂದು ಆಣೆಯಿಟ್ಟು ಹೇಳಿದ್ದ ಒಬ್ಬ ಗಾಣಿಗರವನು ಈಗ ಅದೇ ಬಾಯಲ್ಲಿ, "ನಾನೂ ಮೆಂಬರ್ರ ಹೆಸರೇ ಹೇಳಿದ್ದೆ ಸ್ವಾಮಿ, ಅವರೇ ತಿರುಗಿಸಿ ಬರ್ಕೊಂಡ್ರು" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ತರೀಕೆರೆಯಲ್ಲಿ ಒಂದೇ ಒಂದು ಸಹಿಯೂ ಸಿಗಲಿಲ್ಲ.

ಮಧ್ಯಾಹ್ನ ಒಂದು ರೂಪಾಯಿಗೆ ಎತ್ತಿನಗಾಡಿ ಗೊತ್ತುಮಾಡಿಕೊಂಡು ಹೊರಟೆ. ಹನ್ನೆರಡು ಮೈಲಿ ಚಿಲ್ಲರೆ ದಾರಿ. ಎರಡು ಕಡೆಯೂ ಹುಚ್ಚೆಳ್ಳು ಹೂ ಬಿಟ್ಟು ಹೊಲ ಹಳದಿಯಾಗಿತ್ತು. ಗಾಡಿಯವನು ತನ್ನ ಎತ್ತುಗಳು ಅಮೃತಮಹಲ್ ತಳಿ ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡ. ನನ್ನ ಗುರುತು ಅವನಿಗೆ ಇರಲಿಲ್ಲ, ನಾನೂ ಹೇಳಲಿಲ್ಲ.

"ಸೋತ ಮೇಲೂ ಗುರುಬಸಪ್ಪನವರನ್ನು ಮೆಂಬರ್ ಅಂತಲೇ ಕರೀತೀರಲ್ಲಪ್ಪ?" ಎಂದೆ.

"ಸೋತಿಲ್ಲ ಕಣ್ರೀ, ಸೋಲ್ಸವ್ರೆ. ಆವಯ್ಯ ಮೈಸೂರಲ್ಲಿ ದಿವಾನರ ಎದುರಿಗೆ ಮೇಜು ಕುಟ್ಟಿ, ನಮ್ಮ ರೈತ್ರು ಏನು ಮಣ್ಣು ತಿನ್ನಬೇಕೇನ್ರೀ ಅಂತ ಕೇಳ್ದೋರು."

"ಕೇಳಿ ಏನು ಬಂತು?"

ಅವನು ಎತ್ತಿನ ಬೆನ್ನು ತಟ್ಟಿದ. "ಕೇಳಿದ್ರಲ್ಲ," ಎಂದ.

ಅಷ್ಟರಲ್ಲಿ ಹಳ್ಳ ಬಂತು. ನೀರು ಮೊಣಕಾಲು ದಾಟಿತ್ತು. ಗಾಡಿಯವನು ಇಳಿದು ಗಾಲಿಗೆ ಹೆಗಲು ಕೊಟ್ಟ, ನಾನು ಚೀಲವನ್ನು ತಲೆಯ ಮೇಲೆ ಹೊತ್ತು ಕೂತೆ. ಎರಡು ವರ್ಷದ ಹಿಂದೆ ಆಷಾಢದಲ್ಲಿ ನನ್ನ ಅಕ್ಕ ಗಂಗಕ್ಕ ಇದೇ ದಂಡೆಯಲ್ಲಿ ಸತ್ತಳು. ಹೆರಿಗೆ ಕಷ್ಟವಾಗಿ, ಸಂಜೆಯ ರೈಲಿಗೆ ಕಾಯುವಂತಿಲ್ಲದೆ, ಅಜ್ಜಂಪುರದಿಂದ ತರೀಕೆರೆಯ ಆಸ್ಪತ್ರೆಗೆ ಗಾಡಿಯಲ್ಲಿ ಕರೆತರುತ್ತಿದ್ದರು. ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲಿ ಎಂದು ದಂಡೆಯ ಹೊಂಗೆಮರದ ಕೆಳಗೆ ಕಾದರು. ನೀರು ಇಳಿಯುವ ಹೊತ್ತಿಗೆ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ನಾನು ಚುನಾವಣೆಗೆ ನಿಂತದ್ದೇ ಈ ಸೇತುವೆಗಾಗಿ. ಬೇರೆ ಯಾವ ದೊಡ್ಡ ಆಸೆಯೂ ನನಗಿರಲಿಲ್ಲ.

ಅಜ್ಜಂಪುರದಲ್ಲಿ ಅಕ್ಕನ ಗಂಡ ಮರುಳಪ್ಪ ಭಾವನ ಮನೆಯಲ್ಲಿ ಇಳಿದೆ. ತೆಂಗಿನ ತೋಟ, ಜೋಳದ ಹೊಲ ಇರುವ ಮನುಷ್ಯ. ಮಾತು ಕಡಿಮೆ. ಮುದ್ದೆ, ಅವರೆಕಾಳು ಸಾರು ಬಡಿಸಿ ತಾವೂ ಜೊತೆಗೆ ಕೂತರು. ಕೈ ತೊಳೆದ ಮೇಲೆ ನಾನು ಮಹಜರು ತೆಗೆದೆ. ಮೊದಲ ಸಹಿ ಭಾವನದೇ ಆಗಬೇಕೆಂದು ಆ ಜಾಗವನ್ನು ಖಾಲಿ ಬಿಟ್ಟಿದ್ದೆ.

ಭಾವ ಕಾಗದ ಮುಟ್ಟಲಿಲ್ಲ. "ನಾನು ಒತ್ತಲ್ಲ ಕಣಪ್ಪ ನಂಜಪ್ಪ."

"ಯಾಕೆ ಭಾವ?"

"ಗುರುಬಸಪ್ಪನೋರು ಬೇಡ ಅಂದವ್ರೆ."

"ಭಾವ, ಇದು ಅಕ್ಕ ಸತ್ತ ಹಳ್ಳ."

"ಗೊತ್ತು. ನಂಗೆ ನೀನು ಹೇಳ್ಬೇಕೇನೋ?" ಎಂದು ಅವರು ದನಿ ಏರಿಸಿದರು. ಆಮೇಲೆ ಇಳಿಸಿ, "ನಿನ್ನ ಹತ್ರ ಸುಳ್ಳು ಯಾಕೆ ಹೇಳ್ಲಿ, ಓಟಿನ ದಿನಾನೂ ನಾನು ಅವರ ಹೆಸರೇ ಹೇಳಿದ್ದು. ಅವತ್ತು ಎದೆಮಟ್ಟ ನೀರಿಗೆ ಇಳಿದೋರು ಆವಯ್ಯ. ನೊಗ ಹಿಡ್ಕೊಂಡು ಮೂರು ಸಲ ನೋಡಿದ್ರು. ಆಗ್ಲಿಲ್ಲ. ನಿಮ್ಮಕ್ಕನ ತಲೆ ಮೇಲೆ ತಮ್ಮ ಕಂಬಳಿ ಹಿಡ್ಕೊಂಡು ಕೂತಿದ್ರು. ಗೊಳೋ ಅಂತ ಅತ್ರು. ನೀನು ಬಂದಿದ್ದು ಮೂರನೇ ದಿನ," ಎಂದರು.

ಅದು ನಿಜ. ಕಡೂರಿನಲ್ಲಿ ನನಗೆ ಒಂದು ಮೊಕದ್ದಮೆಯಿತ್ತು. ತಂತಿ ಬಂದದ್ದನ್ನು ಓದಿ, ವಾದ ಮುಗಿಸಿಯೇ ಹೊರಟಿದ್ದೆ. ಅವಳು ಹೋಗಿಯಾಗಿತ್ತು, ಇನ್ನು ಓಡಿ ಮಾಡುವುದೇನು ಎಂದುಕೊಂಡಿದ್ದೆ. ಇದನ್ನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ.

ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ಕೂಗಾಡಿದೆ. "ಆರು ವರ್ಷ ಮೆಂಬರಾಗಿ ಸೇತುವೆಯ ಬಗ್ಗೆ ಒಂದು ಅರ್ಜಿ ಬರೆದವರಲ್ಲ ಅವರು! ಪ್ರತಿ ವರ್ಷ ಮುಂದಿನ ಮಳೆಗಾಲಕ್ಕೆ ಆಗುತ್ತೆ ಅಂದರು. ಕಟ್ಟಿಸಿದ್ದರೆ ಅವತ್ತು ಯಾರೂ ನೀರಿಗೆ ಇಳಿಯುವ ಪ್ರಮೇಯವೇ ಬರುತ್ತಿರಲಿಲ್ಲ!"

ಭಾವ ಎಲೆಗೆ ಸುಣ್ಣ ಸವರುತ್ತ, "ಅದೂ ಗೊತ್ತು. ಸೇತುವೆ ಕಟ್ಟದೇ ಇದ್ದೋರು ಬೇಕಾದಷ್ಟು ಜನ ಅವ್ರೆ ನಂಜಪ್ಪ. ನೀರಿಗೆ ಇಳಿದೋರು ಒಬ್ರೇ," ಎಂದರು. ನಾನು ಕಾಗದ ಮಡಚಿಟ್ಟೆ.

ಬೆಳಿಗ್ಗೆ ಎದ್ದು, ಮಾನ ಮರ್ಯಾದೆಯನ್ನು ಭಾವನ ಮನೆಯಲ್ಲೇ ಬಿಟ್ಟು, ಗುರುಬಸಪ್ಪನವರ ಮನೆಗೆ ಹೋದೆ. ಜಗಲಿಯ ಮೇಲೆ ಜಮಖಾನ ಹಾಸಿತ್ತು. ಅವರು ದರ್ಬಾರಿನ ಕರಿ ಕೋಟು ತೊಟ್ಟು, ಜರಿ ರುಮಾಲು ಸುತ್ತಿ ಕೂತಿದ್ದರು. ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಅಹವಾಲು ಹೇಳುತ್ತಿದ್ದರು. ಎಲ್ಲದಕ್ಕೂ ಒಂದೇ ಉತ್ತರ: "ಆಯ್ತು, ಮಾಡಿಸ್ತೀನಿ ಹೋಗು." ನಾನಾಗಿದ್ದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಯಾವ ಕಾನೂನು ಅಡ್ಡ ಬರುತ್ತದೆ ಎಂದು ವಿವರಿಸುತ್ತಿದ್ದೆ. ಇಲ್ಲಿ ಜನ ನಗುನಗುತ್ತ ಮೆಟ್ಟಿಲು ಇಳಿಯುತ್ತಿದ್ದರು.

"ಬನ್ನಿ ವಕೀಲ್ರೇ, ಬನ್ನಿ! ಯಾರಪ್ಪಾ, ಹಾಲು ತನ್ನಿ," ಎಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಹಜರು ಕೊಟ್ಟೆ. ಓದಿದರು. "ಚೆನ್ನಾಗಿ ಬರೆದಿದ್ದೀರಿ."

"ನೀವು ಸಹಿ ಹಾಕಿ, ಊರಿನವರಿಗೂ ಒಂದು ಮಾತು ಹೇಳಿ. ಸೇತುವೆ ನಿಮ್ಮಿಂದಲೇ ಆಯಿತೆಂದು ನಾನೇ ಎಲ್ಲ ಕಡೆ ಹೇಳುತ್ತೇನೆ."

"ನನ್ನ ಹೆಸರಿನ ಮುಂದೆ ಏನಂತ ಬರೀತೀರಿ?"

"ಮಾಜಿ ಸದಸ್ಯರು."

ಗುರುಬಸಪ್ಪನವರು ಕಾಗದವನ್ನು ನನ್ನ ತೊಡೆಯ ಮೇಲಿಟ್ಟು ಮೆಲ್ಲಗೆ, "ಮಾಜಿ ತೆಗೀರಿ. ಸದಸ್ಯರು ಅಂತ ನೀವೇ, ನಿಮ್ಮ ಕೈಯಾರೆ ಬರೀರಿ. ಒಂದು ಗಂಟೇಲಿ ಹಾಳೆ ತುಂಬಿಸಿಕೊಡ್ತೀನಿ," ಎಂದರು.

ಸುಳ್ಳು ಬರೆದ ಕಾಗದವನ್ನು ಸರ್ಕಾರಕ್ಕೆ ಕೊಟ್ಟರೆ ಏನಾಗುತ್ತದೆಂದು ವಕೀಲನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎದ್ದು ಬಂದುಬಿಡೋಣ ಅನ್ನಿಸಿತು, ಎದ್ದೂ ಬಿಟ್ಟೆ. ಮೆಟ್ಟಿಲಿನವರೆಗೆ ಬಂದಾಗ ಸಾಲಿನ ಕೊನೆಯಲ್ಲಿ ಭಾವ ನಿಂತಿದ್ದು ಕಂಡಿತು. ಅವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದರು. ಹಿಂದಕ್ಕೆ ಹೋಗಿ ಕೂತೆ. 'ಶ್ರೀ ಗುರುಬಸಪ್ಪನವರು, ಸದಸ್ಯರು' ಎಂದು ಬರೆದೆ. ಮಸಿ ಆರುವ ಮೊದಲೇ ಕಾಗದವನ್ನು ಅವರ ಮುಂದೆ ಇಟ್ಟೆ.

ಅವರು ಸಹಿ ಹಾಕಿ ಎದ್ದು ನಿಂತು, "ಒತ್ರಪ್ಪಾ ಎಲ್ರೂ! ಇದು ನಮ್ಮ ಸೇತುವೆ!" ಎಂದು ಕೂಗಿದರು. ಅಷ್ಟೇ. ಕಾಗದ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಬಂದರು. ಭಾವ ಎಲ್ಲರಿಗಿಂತ ಮೊದಲು ಒತ್ತಿದರು. ಒತ್ತಿ, ಮಸಿಯ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಳ್ಳದೆ ಹಾಗೆಯೇ ಹಿಡಿದುಕೊಂಡು ಒಂದು ಮೂಲೆಯಲ್ಲಿ ನಿಂತರು. ಅವರ ಕಣ್ಣು ತುಂಬಿತ್ತು.

ಸಂಜೆಯ ರೈಲಿಗೆ ಗುರುಬಸಪ್ಪನವರು ಊರನ್ನೆಲ್ಲ ಕಟ್ಟಿಕೊಂಡು ಅಜ್ಜಂಪುರದ ಸ್ಟೇಷನ್ನಿಗೆ ಬಂದರು. ನನ್ನ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಕಿವಿಯ ಹತ್ತಿರ ಬಗ್ಗಿ, "ಸಭೇಲಿ ಕಿಟಕಿ ಪಕ್ಕ ಜಾಗ ಹಿಡೀರಿ. ಮಧ್ಯಾಹ್ನ ಅಲ್ಲಿ ಒಳ್ಳೆ ಗಾಳಿ ಬರುತ್ತೆ. ನಾನು ಅಲ್ಲೇ ಕೂರ್ತಿದ್ದೆ," ಎಂದರು.

ಎಂದರೆ ತಾವು ಸೋತದ್ದು ಅವರಿಗೆ ಗೊತ್ತಿತ್ತು. ಅಷ್ಟೂ ದಿನ ಗೊತ್ತಿತ್ತು! ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಜನರ ಕಡೆ ತಿರುಗಿ, "ಈ ಸಲ ನಾನು ಹೋಗ್ತಿಲ್ಲ, ನನ್ನ ಪರವಾಗಿ ವಕೀಲ್ರನ್ನ ಕಳಿಸ್ತಿದೀನಿ!" ಎಂದು ಸಾರಿದರು. ಅವರ ಹೆಸರಿಗೆ ಜೈಕಾರ ಬಿತ್ತು. ಗೆದ್ದವನು ನಾನು, ಕೊರಳಲ್ಲಿ ಹಾರ ಹಾಕಿಕೊಂಡು ಮೂರನೇ ದರ್ಜೆಯ ಕಿಟಕಿಯಿಂದ ಕೈಮುಗಿದೆ.

ಗಾಡಿ ಹೊರಟ ಮೇಲೆ ಮಹಜರು ತೆಗೆದು, ಲೇಖನಿ ಕೆತ್ತುವ ಚಾಕು ಬಿಚ್ಚಿದೆ. 'ಸದಸ್ಯರು', ಒಂದೇ ಪದ. ಹುಷಾರಾಗಿ ಕೆರೆದರೆ ಗುರುತೂ ಉಳಿಯುತ್ತಿರಲಿಲ್ಲ. ಆದರೆ ಊರು ಒತ್ತಿದ ಕಾಗದವನ್ನು ವಕೀಲ ತಿರುಗಿಸಿ ಬರೆದ ಎಂಬ ಮಾತು ಆಗ ನಿಜವಾಗುತ್ತಿತ್ತು. ಕೆರೆಯದಿದ್ದರೆ ನಾಳೆ ಜಿಲ್ಲಾ ಕಚೇರಿಯ ಗುಮಾಸ್ತನ ಮುಂದೆ ನಿಂತು, ಇದನ್ನು ಬರೆದವನು ನಾನೇ ಎಂದು ಒಪ್ಪಬೇಕು. ಚಾಕುವಿನ ಮೊನೆ ಅಕ್ಷರದ ಮೇಲೆ ಇಟ್ಟಿದ್ದೆ. ಅಷ್ಟರಲ್ಲಿ ಗಾಲಿಗಳ ಸದ್ದು ಬದಲಾಯಿತು. ಅದೇ ಹಳ್ಳ ಮುಂದೆ ಹರಿದು ಬಂದು ರೈಲುದಾರಿಗೆ ಅಡ್ಡ ಸಿಗುವ ಜಾಗ ಅದು. ರೈಲಿನವರು ಅಲ್ಲಿ ಕಬ್ಬಿಣದ ಸೇತುವೆ ಕಟ್ಟಿದ್ದಾರೆ. ಕೆಳಗೆ ಒಂದು ಎತ್ತಿನಗಾಡಿ ನೀರಿನ ನಡುವೆ ನಿಂತುಬಿಟ್ಟಿತ್ತು. ಒಳಗಿದ್ದ ಹೆಂಗಸು ಮಗುವನ್ನು ಎತ್ತಿ ಹಿಡಿದುಕೊಂಡಿದ್ದಳು, ಗಂಡಸು ಗಾಲಿಗೆ ಹೆಗಲು ಕೊಟ್ಟಿದ್ದ. ಇಬ್ಬರೂ ತಲೆಯೆತ್ತಿ ರೈಲನ್ನು ನೋಡಿದರು. ಕಿಟಕಿಯಿಂದ ಹೊರಗೆ ಬಗ್ಗಿ, ಅವರು ಕಾಣುವಷ್ಟು ಹೊತ್ತು ಹಿಂದಕ್ಕೆ ನೋಡಿದೆ. ಆಮೇಲೆ ಚಾಕು ಮಡಚಿ ಚೀಲಕ್ಕೆ ಹಾಕಿದೆ.