ಜುಮ್ ಅನ್ನುವ ನೀರು

ಇವತ್ತು ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯ ಪಿನ್ನು ಬಿಸಿಯಾಗಿ ಸುಟ್ಟ ವಾಸನೆ ಬಂತು. ಅಂಗಿಯನ್ನು ಅರ್ಧಕ್ಕೇ ಬಿಟ್ಟು ಬಟನ್ ಆರಿಸಿದೆ. ಆಫೀಸಿಗೆ ಹೊರಟಿದ್ದ ಯಜಮಾನರು, "ಶುರುವಾತ ಲೈನ್‌ಮನ್ ಬಾಯೀದು" ಎಂದು ಗೊಣಗಿದರು. ಲೈನ್‌ಮನ್ ಬಾಯಿ, ಅಂದರೆ ಕರೆಂಟು ರಿಪೇರಿಯ ಹೆಂಗಸು, ಎಂಬ ಈ ಬಿರುದು ಚಿಕ್ಕೋಡಿಯ ನಮ್ಮ ಓಣಿಯೇ ಕೊಟ್ಟದ್ದು. ಯಾರ ಮನೆಗೆ ಹೋದರೂ ಚಹಾ ಬರುವ ಮೊದಲೇ ನನ್ನ ಕಣ್ಣು ಅವರ ಪಿನ್ನುಗಳ ಮೇಲಿರುತ್ತದೆ. ನೀರು ಕಾಯಿಸುವ ಕಾಯಿಲನ್ನು ಟಿವಿಯ ಸಣ್ಣ ಸಾಕೆಟ್ಟಿಗೆ ಹಚ್ಚಬೇಡಿ, ದೊಡ್ಡ ಸಾಕೆಟ್ ಕೂಡಿಸಿ, ಅರ್ಥಿಂಗ್ ಮಾಡಿಸಿ ಎಂದು ತಲೆ ತಿನ್ನುತ್ತೇನೆ. ಈಚೆಗೆ ಚಹಾಕ್ಕೆ ಕರೆಯುವವರೂ ಕಡಿಮೆಯಾಗಿದ್ದಾರೆ. ನೀವು ನಗಬೇಡಿ, ಕಾರಣವಿದೆ.

ನಿಪ್ಪಾಣಿಯ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಮದುವೆಯಾಗಿ ಬಂದಾಗಿನಿಂದ ಬೀಡಿ ಸುತ್ತಿದವಳು. ಹರಟುತ್ತಿದ್ದರೂ, ಜಗಳವಾಡುತ್ತಿದ್ದರೂ ಅವಳ ಬೆರಳು ನಿಲ್ಲುತ್ತಿರಲಿಲ್ಲ. ಕೊನೆಗೆ ಬೆರಳುಗಳು ಮಡಚಿಕೊಂಡು, ರೊಟ್ಟಿ ಬಡಿಯಲೂ ಬಾರದಂತಾಯಿತು. ದವಾಖಾನೆಯಲ್ಲಿ ಕೈಗೆ ಕರೆಂಟ್ ಹಿಡಿಸಿದರು. ನೋವು ಇಳಿಯಿತು. ಆದರೆ ದಿನಾ ಅಲ್ಲಿ ಹೋಗಿ ಕೂತರೆ ಬೀಡಿ ಸುತ್ತುವವರು ಯಾರು? ಬಿಟ್ಟುಬಿಟ್ಟಳು.

ಮನೆಯಲ್ಲೊಂದು ಹಳೆಯ ಕಾಯಿಲ್ ಇತ್ತು. ಅದರ ದೊಡ್ಡ ಪಿನ್ನು ಸಾಕೆಟ್ಟಿನ ಸಣ್ಣ ತೂತುಗಳಲ್ಲಿ ಹೋಗದೆಂದು ದೊಡ್ಡಪ್ಪ ಅದನ್ನು ಕತ್ತರಿಸಿ, ಎರಡು ಕಡ್ಡಿಯ ಪಿನ್ನು ಹಾಕಿದ್ದ. ಉಳಿದ ಮೂರನೆಯ, ಅರ್ಥಿಂಗಿನ ವೈರನ್ನು ಮಡಚಿ ಟೇಪ್ ಸುತ್ತಿದ್ದ. ಅಂದಿನಿಂದ ಬಕೆಟ್ಟಿನ ನೀರು ಮುಟ್ಟಿದರೆ ಜುಮ್ ಅನ್ನುತ್ತಿತ್ತು. ದೊಡ್ಡವ್ವನಿಗೆ ಆನಂದವೋ ಆನಂದ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಮಡಚಿ ಕೂತು, ಕಾಯಿಲ್ ಉರಿಯುತ್ತಿರುವಾಗಲೇ ನೀರಲ್ಲಿ ಬೆರಳು ಅದ್ದುತ್ತಿದ್ದಳು.

ನಾನು ಬೈದೆ, ಬೇಡಿಕೊಂಡೆ.

"ದವಾಖಾನ್ಯಾಗ ಹಿಡಿಸಿದ್ರ ಔಷಧ, ಮನ್ಯಾಗ ಹಿಡದ್ರ ಶಾಕೇನ? ಅಲ್ಲೂ ಅದ ಕರೆಂಟ, ಇಲ್ಲೂ ಅದ ಕರೆಂಟ. ಸುಮ್ನಿರ ಬೇ" ಅಂದಳು. ನನಗೂ ನಗು ಬಂದಿತ್ತು.

ಒಂದು ಸೋಮವಾರ ಬಚ್ಚಲಲ್ಲೇ ಹೋದಳು. ಎದೆ ನಿಂತಿತು ಎಂದರು ಎಲ್ಲರೂ. ನಾನು ಹೋದಾಗ ಮಣೆ ದೇವರ ಮುಂದಿತ್ತು. ಪೂಜೆಗೆ ಕೂರಲು ದೊಡ್ಡಪ್ಪ ಒಯ್ದಿದ್ದ. ಅವಳು ಹಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಕೂತು ನೀರಿಗೆ ಕೈ ಹಾಕಿದ್ದಳು. ಮಣೆಯ ಒಣ ಕಟ್ಟಿಗೆಯೊಂದೇ ಅಷ್ಟು ದಿನ ಅವಳನ್ನು ಕಾದಿತ್ತು.

ಕರೆಂಟಿನಿಂದಲೇ ಎಂದು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಮುಖ ನೋಡಿ ಕೇಳಿದ: "ದಿನಾ ಹಿಡೀತಿದ್ಲಲ್ಲ ತಂಗಿ. ಅವತ್ತಷ್ಟ ಯಾಕ ಹೊಡೀಲಿ?"

ಉತ್ತರ ನನಗೆ ಗೊತ್ತಿತ್ತು. ಹೇಗೆ ಹೇಳಲಿ? ಹೇಳಲಿಲ್ಲ. ಬದಲಿಗೆ ಬಚ್ಚಲ ಹೊರಗೋಡೆಗೆ ದೊಡ್ಡ ಸಾಕೆಟ್ ಕೂಡಿಸಿ, ಅರ್ಥಿಂಗ್ ಮಾಡಿಸಿ, ಹೊಸ ಕಾಯಿಲ್ ತಂದುಕೊಟ್ಟೆ. ಹಳೆಯದನ್ನು ಒಗೆದುಬಿಡು ಎಂದು ದೊಡ್ಡಪ್ಪನ ಸೊಸೆಗೆ ಹೇಳಿ ಬಂದೆ. ಅಷ್ಟಕ್ಕೆ ಮುಗಿಯಿತು ಎಂದುಕೊಂಡ ನನ್ನ ಜಾಣತನಕ್ಕೆ ಏನನ್ನಬೇಕೋ.

ಹೋದ ತಿಂಗಳು ದೊಡ್ಡಪ್ಪನ ಫೋನು ಬಂತು.

"ಹೊಸಾದ್ರಾಗ ನೀರ ಕಾಯ್ತಾವ ತಂಗಿ, ಖರೆ ಜೀವ ಇಲ್ಲ. ಅಟ್ಟದ ಮ್ಯಾಲಿಂದ ಹಳೇದ ತಗದ ಹಚ್ಚೇನಿ. ನೀರಾಗ ಬೆರಳ ಇಟ್ರ ಅಕಿ ಬಾಜೂಕ ಕುಂತಂಗ ಆಗತೈತಿ."

ಫೋನಿನಲ್ಲೇ ಕೂಗಿದೆ: "ಮೊದಲ ಬಟನ್ ಬಂದ್ ಮಾಡ ದೊಡ್ಡಪ್ಪಾ! ಅಕಿನ್ನ ಕೊಂದದ್ದ ಅದ. ದಿನಾ ಮಣಿ ಮ್ಯಾಲ ಕುಂಡ್ರತಿದ್ಲು, ಉಳೀತಿದ್ಲು. ಅವತ್ತ ಮಣಿ ಇರಲಿಲ್ಲ."

ಟಕ್ ಎಂದು ಬಟನ್ ಆರಿಸಿದ ಸದ್ದು ಕೇಳಿತು. ಆಮೇಲೆ, "ಮಣಿ ನಾ ಒಯ್ದಿದ್ದೆ" ಅಂದ. ಹೌದು ಎಂದೆ. ಫೋನಿಟ್ಟ.

ಈಗ ಆ ಮನೆಯಲ್ಲಿ ಯಾವ ಕಾಯಿಲೂ ಉರಿಯುವುದಿಲ್ಲ. ದೊಡ್ಡಪ್ಪ ತಣ್ಣೀರಲ್ಲಿ ಮೀಯುತ್ತಾನೆ, ಪೂಜೆ ಬಿಟ್ಟಿದ್ದಾನೆ. ಮನೆಗೆ ಬಂದವರನ್ನೆಲ್ಲ, ಹಾಲಿನವನನ್ನೂ ಬಿಡದೆ, "ಒಂದ ಮಣಿ ಇಲ್ಲಂದ್ರ ಸಾಯತಾರೇನ್ರಿ?" ಎಂದು ಕೇಳುತ್ತಾನಂತೆ. ಸೊಸೆ ಅಳುತ್ತ ಹೇಳಿದಳು. ಅವನ ಜೀವವೇನೋ ಉಳಿಯಿತು. ಆದರೆ ಅದನ್ನು ಇಟ್ಟುಕೊಂಡು ಅವನೇನು ಮಾಡಬೇಕು?

ಸಂಜೆ ನಿಪ್ಪಾಣಿಗೆ ಹೊರಟಿದ್ದೇನೆ. ನನ್ನನ್ನೂ ಕೇಳಿಯೇ ಕೇಳುತ್ತಾನೆ. ಇಲ್ಲ ದೊಡ್ಡಪ್ಪಾ, ಮಣೆಗೂ ಕರೆಂಟಿಗೂ ಸಂಬಂಧವಿಲ್ಲ, ನಾನೇ ತಪ್ಪು ತಿಳಿದಿದ್ದೆ, ದೊಡ್ಡವ್ವ ಹೋದದ್ದು ಎದೆ ನಿಂತೇ ಎಂದು ಹೇಳಬೇಕೆಂದಿದ್ದೇನೆ. ಬೆಳಿಗ್ಗೆಯಿಂದ ಬಾಯಿಪಾಠ ಮಾಡುತ್ತಿದ್ದೇನೆ. ಅವನು ನಂಬುವುದಿಲ್ಲ.