ಚಿಲಕದ ಬಂದೂಕು

ನಮ್ಮೂರ ಕಡೆ ಬೋಲ್ಟ್ ಅಂದ್ರೆ ಬಾಗಿಲ ಚಿಲಕ. ಹಂಗಾಗಿ ಜಪಾನಿಗೆ ಬಂದು ಮೊದಲ ಸಲ ಬೋಲ್ಟ್ ಆಕ್ಷನ್ ರೈಫಲ್ ನೋಡಿದಾಗ ನನಗೆ ಅದು ಅರ್ಥ ಆಗೋದು ಕಷ್ಟ ಆಗ್ಲಿಲ್ಲ. ಚಿಲಕದ ಹಿಡಿ ಮೇಲೆತ್ತಿ ಹಿಂದಕ್ಕೆ ಎಳೆದ್ರೆ ಖಾಲಿ ತೋಟಾ ಹಾರಿ ಬೀಳುತ್ತೆ. ಮುಂದಕ್ಕೆ ತಳ್ಳಿದ್ರೆ ಹೊಸ ತೋಟಾ ಒಳಗೆ ಹೋಗುತ್ತೆ. ಹಿಡಿ ಕೆಳಗೆ ಮಾಡಿದ್ರೆ ಮುಗೀತು, ಬಾಗಿಲು ಹಾಕ್ದಂಗೆ. ಬಚ್ಚಲುಮನೆ ಚಿಲಕ ಹಾಕೋಕೆ ಬರೋನಿಗೆ ಇದೂ ಬರುತ್ತೆ. ಮನೇಲಿ ನಾನು ಅದನ್ನ ಚಿಲಕದ ಬಂದೂಕು ಅಂತಲೇ ಕರೀತಿದ್ದೆ. ಈಗ ನನ್ನ ಹೆಂಡ್ತೀನೂ ಹಂಗೇ ಅಂತಾಳೆ.

ಒಕಾಜಾಕಿ ಅನ್ನೋ ಈ ಊರಿಗೆ ನಾನು ಬಂದಿದ್ದು ಅವಳ ಹಿಂದೆ. ಅವಳು ಇಲ್ಲಿ ಒಂದು ಸಂಶೋಧನಾ ಸಂಸ್ಥೇಲಿ ವಿಜ್ಞಾನಿ. ನಾನು ಊರಲ್ಲಿ ಲೇತ್ ಮಷೀನ್ ಮೇಲೆ ಕೆಲಸ ಮಾಡ್ಕೊಂಡಿದ್ದೋನು, ಇಲ್ಲೂ ಗಾಡಿ ಪಾರ್ಟ್ಸ್ ಮಾಡೋ ಸಣ್ಣ ಫ್ಯಾಕ್ಟರೀಲಿ ಅದೇ ಕೆಲಸ ಸಿಕ್ತು. ಊರಾಚೆ, ಬೆಟ್ಟದ ಬುಡದಲ್ಲಿ ಬಾಡಿಗೆ ಮನೆ ಮಾಡಿದ್ವಿ. ಪಕ್ಕದ ಮನೆ ಓಜೀಸಾನ್, ಅಂದ್ರೆ ಅಜ್ಜ, ತಮ್ಮ ಹೊಲದ ಒಂದು ಮೂಲೆ ನಮಗೆ ಬಿಟ್ಟುಕೊಟ್ರು. ಮೆಂತ್ಯ, ಕೊತ್ತಂಬ್ರಿ, ಅವರೆ ಹಾಕ್ದೆ. ಅವರೆ ಕಾಳು ಕಟ್ಟಿದ ವಾರವೇ ಕಾಡುಹಂದಿ ಬಂದು ಎಲ್ಲಾನೂ ಉತ್ತು ಹಾಕಿ ಹೋಯ್ತು.

ನಾನು ಬದು ಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ಓಜೀಸಾನ್ ಬಂದು ನೋಡಿ, "ಇಂದೊ-ಸಾನ್, ನಿನ್ನ ಕಾಳು ಹಂದಿಗೆ ರುಚಿ ಆಗಿದೆ. ಹೊಗಳಿಕೆ ಅಂತ ತಿಳ್ಕೋ," ಅಂದ್ರು. ನನ್ನ ಹೆಸರು ಅವರ ನಾಲಿಗೆಗೆ ಬರ್ತಿರ್ಲಿಲ್ಲ. ಇಂಡಿಯಾದವನು ಅಂತ ಇಂದೊ-ಸಾನ್ ಅಂತಿದ್ರು. "ಹೊಟ್ಟೆ ಉರೀತಿದ್ರೆ ನಮ್ಮ ಜೊತೆ ಬೇಟೆಗೆ ಬಾ."

ಅವರು ಅಲ್ಲಿನ ಬೇಟೆಗಾರರ ಗುಂಪಿಗೆ ಹಿರಿಯರು. ಬಾ ಅಂದಷ್ಟು ಸುಲಭ ಅಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಇಲ್ಲಿ ಬಂದೂಕಿಗೆ ಪಾಠ ಕೇಳ್ಬೇಕು, ಪರೀಕ್ಷೆ ಬರೀಬೇಕು, ಅದೂ ಜಪಾನೀಲಿ. ನಾನು ಚಿಕ್ಕೋನಿದ್ದಾಗ ಸ್ಕೂಲ್ ಬಿಟ್ಟು, ಮೀಸೆ ಬಂದ್ಮೇಲೆ ರಾತ್ರಿ ಶಾಲೇಲಿ ಎಸ್ಸೆಸ್ಸೆಲ್ಸಿ ಮುಗಿಸಿದೋನು. ಇನ್ನೊಂದು ಸಲ ಅಕ್ಷರ ತಿದ್ದೋ ಹಣೆಬರಹ. ಎರಡನೇ ಸಲಕ್ಕೆ ಪಾಸಾದೆ. ಆಮೇಲೆ ಪೊಲೀಸರು ಮನೆಗೆ ಬಂದು ಬಂದೂಕಿನ ಕಬ್ಬಿಣದ ಬೀರು ಗೋಡೆಗೆ ಬಿಗಿದಿದೆಯಾ ಅಂತ ಅಲ್ಲಾಡಿಸಿ ನೋಡಿದ್ರು. ನನ್ನನ್ನ ಆಚೆ ಕಳಿಸಿ ಹೆಂಡ್ತಿನ ಒಬ್ಬಳನ್ನೇ ಕೂರಿಸ್ಕೊಂಡು, ಗಂಡ ಕುಡೀತಾರಾ, ಕೈ ಮಾಡ್ತಾರಾ ಅಂತ ಕೇಳಿದ್ರಂತೆ.

"ಏನಂದೆ?" ಅಂತ ಕೇಳಿದೆ.

"ಕೈ ಮಾಡೋದಾದ್ರೆ ನಾನೇ ಮಾಡ್ಬೇಕು, ಅವರಿಗೆ ಅಷ್ಟು ಧೈರ್ಯ ಇಲ್ಲ ಅಂದೆ. ಬರ್ಕೊಂಡ್ರು ಕಣ್ರೀ!"

ಹೊಸಬರಿಗೆ ಇಲ್ಲಿ ರೈಫಲ್ ಕೊಡಲ್ಲ. ಮೊದಲು ಹತ್ತು ವರ್ಷ ಚರೆ ಹೊಡೆಯೋ ಬಂದೂಕು ಇಟ್ಕೊಂಡು, ಒಂದು ತಪ್ಪೂ ಮಾಡದೆ ಇರ್ಬೇಕು. ಆಮೇಲೆ ರೈಫಲ್ ಕೇಳ್ಬಹುದು. ಹತ್ತು ವರ್ಷ ಅಂದಾಗ ಅಯ್ಯೋ ಅನ್ಸಿತ್ತು. ಈಗ ನೆನಸ್ಕೊಂಡ್ರೆ ಆ ಚಳಿಗಾಲಗಳು ಇನ್ನೊಂದಷ್ಟು ಇರಬಾರದಿತ್ತಾ ಅನ್ಸುತ್ತೆ. ಓಜೀಸಾನ್ ಅವರ ಪುಟ್ಟ ಬಿಳಿ ಟ್ರಕ್ಕು, ಅದರೊಳಗೆ ನಾಯಿ ವಾಸನೆ, ಎಣ್ಣೆ ವಾಸನೆ. ದಾರೀಲಿ ಕೊಂಬಿನಿ, ಅಂದ್ರೆ ರಾತ್ರಿ ಹಗಲೂ ತೆಗೆದಿರೋ ಅಂಗಡಿ, ಹತ್ರ ನಿಲ್ಲಿಸಿ ಅನ್ನದ ಉಂಡೆ ತಗೋತಿದ್ರು. ನಾನು ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ಡಬ್ಬಿ ತರ್ತಿದ್ದೆ. ಮೊದಲ ಸಲ ತಿಂದು "ಕರಾಯ್! ಖಾರ! ಕೊಲ್ತೀಯೇನೋ!" ಅಂತ ಕೂಗಿದ ಮನುಷ್ಯ, ಮೂರನೇ ವಾರಕ್ಕೆ ಟ್ರಕ್ ಹತ್ತೋಕೆ ಮುಂಚೆನೇ "ಡಬ್ಬಿ ಎಲ್ಲಿ?" ಅಂತಿದ್ರು. ಬೆಟ್ಟದ ಮೇಲೆ ಹಿಮ ಬಿದ್ದಿರೋದು, ಇಬ್ರೂ ಕಿತ್ತಳೆ ಬಣ್ಣದ ಕೋಟು ಹಾಕ್ಕೊಂಡು ಮಾತಾಡದೆ ಕೂತಿರೋದು. ಮಾತಾಡದೆ ಇಷ್ಟು ಹೊತ್ತು ಇನ್ನೊಬ್ಬರ ಜೊತೆ ಕೂರಬಹುದು ಅಂತ ನನಗೆ ಕಲಿಸಿದ್ದು ಅವರು.

ಗುರಿ ಮಾತ್ರ ಕಲಿಸೋಕಾಗ್ಲಿಲ್ಲ. ಎದುರಿಗೆ ಬಂದು ನಿಂತ ಹಂದಿಗೂ ನನ್ನ ಈಡು ಬೀಳ್ತಿರ್ಲಿಲ್ಲ. "ಇಂದೊ-ಸಾನ್ ಹೊಡೆದ್ರೆ ಹಂದಿಗೆ ಆಯಸ್ಸು ಜಾಸ್ತಿ," ಅಂತ ಗುಂಪಲ್ಲಿ ಎಲ್ಲರೂ ನಗ್ತಿದ್ರು. ನಾನೂ ನಗ್ತಿದ್ದೆ.

ಹತ್ತು ವರ್ಷ ತುಂಬ್ತು. ಅದೇ ವರ್ಷ ಓಜೀಸಾನ್ ಬೇಟೆ ಬಿಡ್ತೀನಿ ಅಂದ್ರು. ಮೊಣಕಾಲು ಬೆಟ್ಟ ಹತ್ತೋಕೆ ಒಪ್ತಿರ್ಲಿಲ್ಲ, ವಯಸ್ಸಾದವರಿಗೆ ಇಡೋ ನೆನಪಿನ ಪರೀಕ್ಷೆಗೂ ಬೇಸತ್ತಿದ್ರು. ಲೈಸೆನ್ಸ್ ವಾಪಸ್ ಕೊಡೋದು ಅಂತ ಆಯ್ತು. ಅವರ ಹತ್ರ ಒಂದು ಹಳೇ ಚಿಲಕದ ಬಂದೂಕಿತ್ತು. ಹರೆಯದಲ್ಲಿ ತಗೊಂಡಿದ್ದು, ಭುಜಕ್ಕಿಡೋ ಹಿಡಿ ಅಕ್ರೋಟು ಮರದ್ದು, ಕೆನ್ನೆ ತಾಗೋ ಕಡೆ ಉಜ್ಜಿ ಉಜ್ಜಿ ಕನ್ನಡಿ ಆಗಿತ್ತು. ಇಲ್ಲಿ ಬಂದೂಕು ಮಗನಿಗೆ ಹಂಗೇ ಬರೋ ಆಸ್ತಿ ಅಲ್ಲ. ತಗೊಳ್ಳೋನಿಗೆ ಆ ಬಂದೂಕಿಗೇ ಅಂತ ಬೇರೆ ಪರ್ಮಿಶನ್ ಬೇಕು. ಅವರ ಮಗ ಯೋಕೋಹಾಮಾದಲ್ಲಿ ಆಫೀಸು ಕೆಲಸ, ಬಂದೂಕು ಕಂಡ್ರೆ ಆಗಲ್ಲ. ಯಾರೂ ತಗೊಳ್ಳದಿದ್ರೆ ಬಂದೂಕಿನ ಅಂಗಡಿಯವರು ಅದನ್ನ ಕತ್ತರಿಸಿ ಗುಜರಿಗೆ ಹಾಕ್ತಾರೆ.

"ನೀನು ತಗೋತೀಯ ತಾನೆ?" ಅಂತ ಅವರು ಬಾಯಿ ಬಿಟ್ಟು ಕೇಳ್ಲಿಲ್ಲ. "ಅಂಗಡೀಲಿ ಎಲ್ಲಾ ನೋಡು. ಹೊಸದೂ ನೋಡು. ಆಮೇಲೆ ಹೇಳು," ಅಂದ್ರು. ಹೇಳೋವಾಗ ನನ್ನ ಮುಖ ನೋಡ್ಲಿಲ್ಲ, ನಾಯಿ ಕಿವಿ ಕೆರೀತಿದ್ರು.

ಅಂಗಡಿಯವರು ಮೆತ್ತಗಿನ ಮನುಷ್ಯ. ಇಲ್ಲಿ ಹೊಡೆದು ನೋಡಿ ಕೊಳ್ಳೋ ಹಂಗಿಲ್ಲ, ಪರ್ಮಿಶನ್ ಬರೋ ತನಕ ಅಂಗಡೀಲಿ ಭುಜಕ್ಕಿಟ್ಟು ನೋಡೋದಷ್ಟೇ. ಪ್ಲಾಸ್ಟಿಕ್ ಹಿಡೀದು ಒಂದು ತೋರಿಸಿದ್ರು. ಹೊಸದು, ಹಗುರ, ರೇಟೂ ಪರವಾಗಿಲ್ಲ. ಬಂದೂಕು ಅಗ್ಗದ್ದಾದ್ರೆ ನಡೆಯುತ್ತೆ, ಮೇಲಿನ ದುರ್ಬೀನು ಅಗ್ಗದ್ದು ಬೇಡ ಅಂತಲೂ ಹೇಳಿದ್ರು. ಹಿಡಿ ಉದ್ದ ನಮ್ಮ ತೋಳಿಗೆ ಸರಿಹೋಗ್ಬೇಕು, ಕಣ್ಣು ಮುಚ್ಚಿ ಭುಜಕ್ಕಿಟ್ಟು ತೆರೆದ್ರೆ ನೇರ ಕಾಣಬೇಕು ಅಂದ್ರು. ನಾನು ಮಾಡ್ದೆ. ಅವರು ನನ್ನ ಕಣ್ಣನ್ನೇ ನೋಡಿದ್ರು. ಇನ್ನೊಂದು ಸಲ ಮಾಡಿ ಅಂದ್ರು. ಆಮೇಲೆ ಬಂದೂಕು ಇಸ್ಕೊಂಡು ಪಕ್ಕಕ್ಕಿಟ್ಟು, "ಎರಡೂ ಕೈ ಚಾಚಿ ಬೆರಳಲ್ಲಿ ಒಂದು ಕಿಂಡಿ ಮಾಡಿ. ಅದರೊಳಗಿಂದ ನನ್ನ ಮೂಗು ನೋಡಿ," ಅಂದ್ರು.

ನೋಡ್ದೆ.

"ಸುಮಿಮಾಸೆನ್," ಅಂದ್ರು, ಅಂದ್ರೆ ಕ್ಷಮಿಸಿ ಅಂತ, ಏನೋ ಕೆಟ್ಟ ಸುದ್ದಿ ಹೇಳೋರ ಥರ. "ಕಿಂಡೀಲಿ ನನಗೆ ಕಾಣ್ತಿರೋದು ನಿಮ್ಮ ಎಡಗಣ್ಣು. ನಿಮಗೆ ಗುರಿ ಹಿಡಿಯೋದು ಅದೇ. ನೀವು ಎಡಗೈಯವರಾ?"

ಇಲ್ಲ ಅಂದೆ. ಅಂದ್ಮೇಲೆ ನೆನಪಾಯ್ತು.

ನಾನು ಹುಟ್ಟಾ ಎಡಚ. ಊಟಕ್ಕೆ ಕೂತ್ರೆ ಅವ್ವ ನನ್ನ ಪಕ್ಕನೇ ಕೂತು ಎಡಗೈ ಮೇಲೆ ತನ್ನ ಮಂಡಿ ಊರ್ಕೊಂಡಿರ್ತಿದ್ಲು. ನೋಯೋ ಹಂಗಲ್ಲ, ಕೈ ಏಳದ ಹಂಗೆ. "ಅನ್ನಕ್ಕೆ ಎಡಗೈ ಹಾಕ್ತೀಯೇನೋ? ನಾಳೆ ಯಾರ ಮನೇಲಾದ್ರೂ ಎಲೆ ಮುಂದೆ ಕೂತಾಗ ನಿನ್ನ ಅವ್ವ ಏನೂ ಕಲಿಸ್ಲಿಲ್ಲ ಅಂತಾರೆ ಕಣೋ," ಅನ್ನೋಳು. ಅವಳ ಸೀರೆಯಿಂದ ಬರೋ ಸೀಗೆಕಾಯಿ ಪುಡಿ ವಾಸನೆ, ಮಂಡಿ ಬಿಸಿ. ಹಂಗೇ ತಿನ್ತಾ ತಿನ್ತಾ ಬಲಗೈ ನಂದಾಯ್ತು. ಆ ಕಾಲಕ್ಕೆ ಎಲ್ಲಾ ಮನೇಲೂ ಹಂಗೇ ಮಾಡ್ತಿದ್ರು. ಅವ್ವ ಕೈ ತಿದ್ದಿದ್ಲು. ಕಣ್ಣು ಯಾರ ಲೆಕ್ಕಕ್ಕೂ ಬಂದಿರ್ಲಿಲ್ಲ, ಅದು ಎಡಕ್ಕೇ ಉಳ್ಕೊಂಡಿತ್ತು. ಹತ್ತು ವರ್ಷ ನಾನು ಬಲಭುಜಕ್ಕೆ ಬಂದೂಕಿಟ್ಟು ಎಡಗಣ್ಣಲ್ಲಿ ಹಂದಿ ಹುಡುಕಿದ್ದೆ.

ಎಡಭುಜಕ್ಕೆ ಇಟ್ಕೊಳ್ಳಿ ಅಂದ್ರು ಅಂಗಡಿಯವರು. ಇಟ್ಟೆ. ನೇರ ಕಾಣ್ತು. ಆದ್ರೆ ಚಿಲಕ ಬಲಗಡೆ ಇದೆಯಲ್ಲ! ಅದನ್ನ ತೆಗೆಯೋಕೆ ನಳಿಗೆ ಹೊತ್ತ ಬಲಗೈನೇ ಬಿಡ್ಬೇಕು. ಎಡಗಡೆ ಚಿಲಕ ಇರೋದು ಬೇಕಂದ್ರೆ ಬೇರೆ ದೇಶದಿಂದ ತರಿಸ್ಬೇಕಂತೆ. ರೇಟು ಕೇಳಿದ್ಮೇಲೆ ಸುಮಿಮಾಸೆನ್ ಅನ್ನೋ ಸರದಿ ನಂದಾಯ್ತು.

ಸಂಜೆ ಓಜೀಸಾನ್ ಮನೆ ಜಗಲೀಲಿ ಕೂತು ಎಲ್ಲಾ ಹೇಳ್ದೆ. ಅವರು ಹಲ್ಲಿನ ಸಂದೀಲಿ ಸುಯ್ ಅಂತ ಗಾಳಿ ಎಳ್ಕೊಂಡ್ರು. ಇಲ್ಲಿನವರು ಹಂಗೆ ಗಾಳಿ ಎಳ್ಕೊಂಡ್ರೆ ಆಗಲ್ಲ ಅಂತ ಅರ್ಥ.

"ಹಂಗಾದ್ರೆ ಹಂದಿಗಳಿಗೆ ಆಯಸ್ಸು ಕೊಟ್ಟಿದ್ದು ನಿಮ್ಮಮ್ಮ," ಅಂದ್ರು. ಇಬ್ರೂ ನಕ್ವಿ. ಆಮೇಲೆ ಅವರೇ, "ಎಡಗೈದು ತರಿಸ್ಕೋ. ಮೈಗೆ ಹೊಂದದ್ದು ಕೊಟ್ಟು ಹೊರೆ ಮಾಡ್ಬಾರ್ದು. ನಂದು ಕತ್ತರಿಸ್ತಾರೆ, ಕಬ್ಬಿಣ ತಾನೆ," ಅಂದ್ರು. ಚಹಾ ಲೋಟ ಎತ್ತಿದ್ರು, ಕುಡೀಲಿಲ್ಲ, ಕೆಳಗಿಟ್ರು.

ಆ ಕಬ್ಬಿಣ ತಾನೆ ಅನ್ನೋ ಮಾತು ಮನೆವರೆಗೂ ಬಂತು. ಬಂದೂಕು ಭುಜಕ್ಕಿಟ್ಟು ಅಭ್ಯಾಸ ಮಾಡೋಣ ಅಂದ್ರೆ ಅವರ ಬಂದೂಕು ನಾನು ಮುಟ್ಟೋ ಹಂಗಿಲ್ಲ. ಭಾನುವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಹಲಗೆ, ಒಂದು ಬಾಗಿಲ ಚಿಲಕ ತಂದೆ. ಹಲಗೆನ ಬಂದೂಕಿನ ಆಕಾರಕ್ಕೆ ಕತ್ತರಿಸಿ, ಬಲಗಡೆ ಚಿಲಕ ಸ್ಕ್ರೂ ಹಾಕಿ ಕೂರಿಸ್ದೆ. ಎಡಭುಜಕ್ಕಿಟ್ಟು ನಿಂತ್ಕೊಂಡು ಚಿಲಕ ತೆಗೆಯೋಕೆ ಹೋದ್ರೆ ಹಲಗೆ ಕೈ ಜಾರಿ ಕಾಲ ಮೇಲೆ ಬಿತ್ತು.

ಹೆಂಡ್ತಿ ಬಾಗಿಲಲ್ಲಿ ನಿಂತು ನೋಡ್ತಿದ್ಲು. "ಬಾಗಿಲೇ ಇಲ್ದೆ ಚಿಲಕ ಹಾಕ್ತಿದ್ದೀರಲ್ರೀ! ಪೊಲೀಸ್‌ನೋರು ಈಗ ಬಂದು ನನ್ನ ಕೇಳ್ಬೇಕಿತ್ತು."

"ಸುಮ್ನಿರೇ."

"ನಿಂತ್ಕೊಂಡೇ ಯಾಕೆ ಮಾಡ್ಬೇಕು? ಏನಾದ್ರೂ ಆಸರೆ ಕೊಡಿ," ಅಂತ ಅಕ್ಕಿ ಚೀಲ ತಂದು ಮೇಜಿನ ಮೇಲಿಟ್ಲು.

ಹಲಗೆ ಮುಂದಿನ ತುದಿ ಅಕ್ಕಿ ಚೀಲದ ಮೇಲಿಟ್ಟು ಕೂತೆ. ಎಡಗೈ ಟ್ರಿಗರ್ ಇರೋ ಜಾಗದಲ್ಲಿ. ಭಾರ ಹೊರೋ ಕೆಲಸ ಇಲ್ಲದ ಬಲಗೈ ಖಾಲಿ ಇತ್ತು. ಅದು ತಾನಾಗೇ ಹೋಗಿ ಚಿಲಕ ಎತ್ತಿ, ಎಳೆದು, ತಳ್ಳಿ, ಹಾಕ್ತು. ಎಡಗೈ ಜಾಗ ಬಿಟ್ಟು ಕದಲ್ಲಿಲ್ಲ, ಕಣ್ಣೂ ಕದಲ್ಲಿಲ್ಲ. ಊಟ ಕಲ್ತ ಕೈ ಚಿಲಕಕ್ಕೆ, ಹುಟ್ಟಿನ ಕೈ ಟ್ರಿಗರ್‌ಗೆ. ಬೆಟ್ಟದಲ್ಲೂ ನಾವು ಓಡಾಡಿ ಹೊಡೆಯೋರಲ್ಲ, ಮರದ ಬೊಡ್ಡೆಗೋ ಕಲ್ಲಿಗೋ ಆನಿಸಿ ಕಾಯೋರು.

ಹಲಗೆ ಎತ್ಕೊಂಡು ಓಡಿದೆ. ಜಗಲೀಲಿ ದಿಂಬು ಇಟ್ಟು ಮಾಡಿ ತೋರಿಸ್ದೆ. ಓಜೀಸಾನ್ ಮೊದಲು ನಕ್ರು, ಆಮೇಲೆ ನಗು ನಿಂತೋಯ್ತು. "ಇನ್ನೊಂದು ಸಲ," ಅಂದ್ರು. ಮಾಡ್ದೆ. "ಇನ್ನೊಂದು ಸಲ." ಕೊನೆಗೆ, "ಎಡಗೈದು ಬೇಡ್ವಾ? ಮುಲಾಜಿಗೆ ಹೇಳ್ಬೇಡ," ಅಂದ್ರು.

"ಮುಲಾಜಲ್ಲ. ನಿಮ್ಮದೇ ಬೇಕು."

ಅವರು ಎದ್ದು ಒಳಗೆ ಹೋದ್ರು. ಮೂಗು ಒರೆಸ್ಕೊಳ್ಳೋ ಸದ್ದು ಕೇಳಿಸ್ತು. ಹೊರಗೆ ಬಂದಾಗ ಕೈಯಲ್ಲಿ ಬಂದೂಕಿಗೆ ಹಚ್ಚೋ ಎಣ್ಣೆ ಡಬ್ಬಿ ಇತ್ತು. "ಇದಕ್ಕೆ ಬೇರೆ ಎಣ್ಣೆ ಹಾಕ್ಬೇಡ," ಅಂದ್ರು.

ಅಂಗಡಿ ಮೂಲಕ ಕಾಗದ ಪತ್ರ ಮುಗಿದು ಬಂದೂಕು ನನ್ನ ಹೆಸರಿಗೆ ಬರೋ ಹೊತ್ತಿಗೆ ಚೆರ್ರಿ ಹೂ ಉದುರಿತ್ತು. ಗುರಿ ಹೊಡೆಯೋ ಮೈದಾನಕ್ಕೆ ಅವರನ್ನೂ ಕರ್ಕೊಂಡು ಹೋದೆ. ಗಾಡೀಲಿ ಉಪ್ಪಿನಕಾಯಿ ಡಬ್ಬಿ ಅವರ ತೊಡೆ ಮೇಲೆ, ಬಂದೂಕು ಬೀಗ ಹಾಕಿ ಹಿಂದೆ. ಈಗ ಅವರಿಗೆ ಲೈಸೆನ್ಸ್ ಇಲ್ಲ. ಒಂದು ಆಯಸ್ಸು ಹೊತ್ತ ಬಂದೂಕನ್ನ ಅವರು ಬೆರಳಲ್ಲೂ ಮುಟ್ಟೋ ಹಂಗಿಲ್ಲ, ಮುಟ್ಟಿದ್ರೆ ಇಬ್ರಿಗೂ ತೊಂದರೆ. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾನು ಚೀಲ ಬಿಚ್ಚಿದ ತಕ್ಷಣ ಎರಡು ಹೆಜ್ಜೆ ಹಿಂದೆ ಹೋಗಿ ಕೈ ಎರಡೂ ಬೆನ್ನ ಹಿಂದೆ ಕಟ್ಕೊಂಡು ನಿಂತ್ರು.

ಮರಳಿನ ಮೂಟೆ ಮೇಲೆ ನಳಿಗೆ ಇಟ್ಟೆ. ಅವರ ಕೆನ್ನೆ ಉಜ್ಜಿದ ನುಣುಪು ಹಿಡಿಯ ಎಡಗಡೆ ಇತ್ತು. ನನ್ನ ಕೆನ್ನೆ ಬಲಗಡೆ ಕೂತ್ಕೊಂತು, ಅಲ್ಲಿ ಮರ ಇನ್ನೂ ಒರಟು.

"ತಳ್ಳೋವಾಗ ಕೊನೇಲಿ ಸ್ವಲ್ಪ ಬಿಗಿ ಇದೆ," ಅಂದ್ರು ಹಿಂದಿನಿಂದ. "ಒತ್ತಾಯ ಮಾಡ್ಬೇಡ, ಅದಕ್ಕೆ ಒತ್ತಾಯ ಆಗಲ್ಲ."

ಐದು ಈಡು ಹೊಡೆದೆ. ನಾಲ್ಕು ಒಂದು ಅಂಗೈ ಅಗಲದಲ್ಲಿ ಬಿದ್ದಿತ್ತು, ಒಂದು ಮೂಲೆಗೆ ಹೋಗಿತ್ತು. ಚಿಲಕ ತೆಗೆದು, ಖಾಲಿ ಇರೋದು ನೋಡಿ, ಹೋಗಿ ಗುರಿಗೆ ಇಟ್ಟಿದ್ದ ಪೇಪರ್ ತಂದೆ. ಓಜೀಸಾನ್ ಕನ್ನಡಕ ಹಣೆ ಮೇಲೆ ಏರಿಸಿ ಹತ್ರದಿಂದ ನೋಡಿದ್ರು.

"ಈ ಮೂಲೇದು ನಿಮ್ಮಮ್ಮಂದು," ಅಂದ್ರು. ಆಮೇಲೆ ಬೆನ್ನ ಹಿಂದಿನ ಕೈ ಮುಂದೆ ತಂದು ಚಾಚಿದ್ರು. "ಪೇಪರ್ ಮುಟ್ಟೋಕೆ ಪೊಲೀಸರು ಬೇಡ ಅನ್ನಲ್ಲ, ಅಲ್ವಾ? ಕೊಡು ನನಗೆ."

ಕೊಟ್ಟೆ. ತೂತುಗಳ ಮೇಲೆ ಮಡಿಕೆ ಬೀಳದ ಹಂಗೆ ಜೋಪಾನವಾಗಿ ಮಡಿಚಿ ಅಂಗಿ ಒಳಜೇಬಿಗೆ ಇಟ್ಕೊಂಡ್ರು.