ಕೈಕಟ್ಟಣ್ಣ ಟಿವಿಯಲ್ಲಿ ಕಂಡ ದಿನ

ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣದ ಹೊರಗೆ ನಿಲ್ಲುವ ಪ್ರಸಾರದ ವ್ಯಾನಿನಲ್ಲಿ ಕೂತು ಸೆಕೆಂಡು ಎಣಿಸುವುದು ನನ್ನ ಉದ್ಯೋಗ. ಹದಿನೇಳು ವರ್ಷ ಓದಿ ಮೂವತ್ತರಿಂದ ಸೊನ್ನೆಗೆ ಬರುವುದನ್ನು ಕಲಿತೆ. ಆಟ ನಿಂತು ಜಾಹೀರಾತು ಶುರುವಾದರೆ, ಮುಗಿಯಲು ಇನ್ನೆಷ್ಟು ಹೊತ್ತು ಎಂದು ಮೈಕಿನಲ್ಲಿ ಹೇಳುತ್ತಿರುತ್ತೇನೆ.

ಒಳಗೆ, ಅಂಕಣದ ಅಂಚಿನಲ್ಲಿ, ಅದನ್ನು ಇಯರ್‌ಫೋನಿನಲ್ಲಿ ಕೇಳಿಸಿಕೊಳ್ಳುವವರು ಕೈಕಟ್ಟಣ್ಣ. ಕಿತ್ತಳೆ ಬಣ್ಣದ ಅಂಗಿ, ಎದೆಯ ಮೇಲೆ ಕಟ್ಟಿದ ಕೈ; ಜಾಹೀರಾತು ಇನ್ನೂ ಮುಗಿದಿಲ್ಲ ಎಂಬ ಸನ್ನೆ ಅದು. ಆ ಕೈ ಇಳಿಯುವವರೆಗೆ ರೆಫರಿ ಆಟ ಶುರು ಮಾಡುವಂತಿಲ್ಲ. ನಾನು "ಸೊನ್ನೆ" ಎಂದ ಕೂಡಲೇ ಅವರು ಕೈ ಇಳಿಸಿ, ಕ್ಯಾಮೆರಾ ಬರುವಷ್ಟರಲ್ಲಿ ಕಂಬದ ಹಿಂದೆ ಸರಿದಿರುತ್ತಾರೆ. ಹೀಗೆ ಹತ್ತೊಂಬತ್ತು ವರ್ಷ ಟಿವಿಯ ಕೆಲಸ ಮಾಡಿಯೂ ಟಿವಿಯಲ್ಲಿ ಒಮ್ಮೆಯೂ ಕಂಡವರಲ್ಲ.

ಆ ಕೊರಗು ಅವರಿಗಿಂತ ಅವರ ತಾಯಿಗೆ ಹೆಚ್ಚು. ಪ್ರತಿ ಪಂದ್ಯಕ್ಕೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಾರೆ. ಅವರ ಕಣ್ಣು ಮಂಜಾಗುತ್ತಿದೆ. ದೃಷ್ಟಿ ಇರುವುದು ಇನ್ನು ಕೆಲವೇ ತಿಂಗಳು ಎಂದಿದ್ದಾರೆ ಡಾಕ್ಟರು.

"ಇವನು ನಿಜವಾಗ್ಲೂ ಅಲ್ಲೇ ಕೆಲಸ ಮಾಡ್ತಾನೇನಪ್ಪಾ?" ಎಂದು ಒಮ್ಮೆ ನನಗೆ ಟೀ ಕೊಡುತ್ತ ಕೇಳಿದರು.

"ಮುಂದಿನ ಪಂದ್ಯದಲ್ಲಿ ತೋರಿಸ್ತೀನಿ ಬಿಡಿ ಅಮ್ಮಾ," ಅಂದುಬಿಟ್ಟೆ, ಚಾನೆಲ್ಲು ನಮ್ಮಪ್ಪನದೇ ಎಂಬಂತೆ.

ಮೆಟ್ಟಿಲಿಳಿಯುವಾಗ ಕೈಕಟ್ಟಣ್ಣ ತಡೆದರು. "ಯಾಕೋ ಸುಮ್ನೆ ಆಸೆ ಹುಟ್ಟಿಸ್ತೀಯಾ? ನಾನು ಟಿವೀಲಿ ಕಂಡೆ ಅಂದ್ರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ."

ಅವರನ್ನು ಒಮ್ಮೆ ತೋರಿಸಿ ಎಂದು ಪ್ರಸಾರದ ನಿರ್ದೇಶಕಿಯ ಮುಂದೆ ಹಲ್ಲು ಗಿಂಜಿ ನೋಡಿದೆ. "ಆಟ ತೋರ್ಸೋದು ನನ್ನ ಕೆಲಸ. ನೀನು ಎಣಿಸು," ಅಂದರು.

ಎಣಿಸಿದೆ. ಆ ಶನಿವಾರ ಮಧ್ಯಾಹ್ನದ ಪಂದ್ಯದಲ್ಲಿ, ಒಂದು ಬಿಡುವಿನ ಕೊನೆಯ ಜಾಹೀರಾತನ್ನು ಪಟ್ಟಿಯಿಂದ ತೆಗೆದಿದ್ದರು. ನನ್ನ ಮುಂದಿದ್ದದ್ದು ಹಳೇ ಪಟ್ಟಿ. ನಾನು ಗಂಭೀರವಾಗಿ "ಇಪ್ಪತ್ತು" ಎನ್ನುವಾಗ ಮನೆಮನೆಯ ಟಿವಿಯಲ್ಲಿ ಅಂಕಣ ಬಂದಾಗಿತ್ತು. ಆಟಗಾರರು ಸಿದ್ಧ, ಚೆಂಡು ರೆಫರಿಯ ಕೈಯಲ್ಲಿ. ಆಟ ಮಾತ್ರ ಶುರುವಾಗದು.

"ಯಾರಿಗೆ ಕಾಯ್ತಿದಾರೆ ಇವ್ರು?" ಎನ್ನುತ್ತ ನಿರ್ದೇಶಕಿ ರೆಫರಿ ನೋಡುತ್ತಿದ್ದ ಕಡೆಗೇ ಕ್ಯಾಮೆರಾ ತಿರುಗಿಸಿದರು. ಪರದೆ ತುಂಬ ಕೈಕಟ್ಟಣ್ಣ. ನನ್ನ ಎಣಿಕೆಯನ್ನು ನಂಬಿ ಕಲ್ಲಿನಂತೆ ನಿಂತಿದ್ದರು.

ಬೇಕೆಂದೇ ಮಾಡಿದೆ ಎಂದು ಕೊಚ್ಚಿಕೊಳ್ಳಬಹುದಿತ್ತು. ಇಲ್ಲ, ಶುದ್ಧ ದಡ್ಡತನ. ತಪ್ಪು ಗೊತ್ತಾದ ಮೇಲೂ "ಕೈ ಇಳಿಸಿ" ಎನ್ನದೆ ಬಾಯಿ ಬಿಗಿಹಿಡಿದ ನಾಲ್ಕು ಸೆಕೆಂಡು ಮಾತ್ರ ಬೇಕೆಂದೇ.

ಚೆನ್ನಾಗಿ ಉಗಿಸಿಕೊಂಡೆ. ತಪ್ಪು ನನ್ನದೇ ಎಂದು ಬರೆದುಕೊಟ್ಟು, ಸಂಜೆ ಕ್ಷಮೆ ಕೇಳಲು ಕೈಕಟ್ಟಣ್ಣನ ಮನೆಗೆ ಹೋದೆ. ಅವರಿನ್ನೂ ಕಿತ್ತಳೆ ಅಂಗಿಯಲ್ಲೇ ಕೂತು ಅಮ್ಮನ ಟೀ ಆರಿಸುತ್ತಿದ್ದರು.

"ಅಷ್ಟೆತ್ತರದ ಹುಡುಗ್ರು," ಎಂದರು ತಾಯಿ ನನಗೆ, "ಇವನು ಕೈ ಇಳಿಸೋವರೆಗೂ ಒಬ್ಬನೂ ಅಲ್ಲಾಡ್ಲಿಲ್ಲ ನೋಡು."

ಕೈಕಟ್ಟಣ್ಣ ಲೋಟದಿಂದ ತಲೆ ಎತ್ತದೆ ಕೇಳಿದರು, "ಸರಿಯಾಗಿ ಕಾಣಿಸ್ತೇನಮ್ಮಾ?"

"ಎಡಗಡೆ ಕಾಲರ್ ಒಳಗೆ ಮಡಚ್ಕೊಂಡಿತ್ತು. ಅಷ್ಟು ಜನ ನೋಡ್ತಾರೆ, ಸರಿ ಮಾಡ್ಕೋಬಾರ್ದೇನೋ?"

ಕೈಕಟ್ಟಣ್ಣನ ಕೈ ಮೆಲ್ಲಗೆ ಕತ್ತಿನ ಹತ್ತಿರ ಹೋಯಿತು. ಕಾಲರ್ ಇನ್ನೂ ಮಡಚಿಕೊಂಡೇ ಇತ್ತು.